ಸ್ಪ್ಯಾಮ್ ನಿಲ್ಲಬೇಕು, ಆದರೆ ನಮ್ಮೂರಿನವರು ಹೊರಗೆ ಉಳಿಯಬಾರದು: ಐಪಿ ಬ್ಲಾಕ್ ಬಗ್ಗೆ ಚರ್ಚೆ

ಪಯಸ್ವಿನಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಕನ್ನಡ ವಿಕಿಗೆ ಹಾಕಿರುವ ದೊಡ್ಡ ಐಪಿ ಬ್ಲಾಕ್ (ಕೆಲವು ಇಂಟರ್ನೆಟ್ ವಿಳಾಸಗಳಿಂದ ಬರೆಯದಂತೆ ಹಾಕುವ ತಡೆ) ಬಗ್ಗೆ ಇಲ್ಲೇ ಎಲ್ಲರೆದುರು ಮಾತಾಡೋಣ ಅಂತ ಶುರು ಮಾಡುತ್ತಿದ್ದೇನೆ. ವಾಟ್ಸಾಪ್ ಗುಂಪಿನಲ್ಲಿ ಮಾತು ಚದುರಿ ಹೋಗುತ್ತಿದೆ. ಅರ್ಧ ಜನಕ್ಕೆ ವಿಷಯವೇ ತಲುಪಿಲ್ಲ.

ಕಳೆದ ತಿಂಗಳು ಸ್ಪ್ಯಾಮ್ ವಿಪರೀತ ಆಯಿತು. ಬೇಕಲ ಕೋಟೆಯ ಪುಟ ನೋಡಿದವರಿಗೆ ಗೊತ್ತಿರಬಹುದು. ಕೋಟೆ ಕಟ್ಟಿಸಿದ್ದು ಶಿವಪ್ಪ ನಾಯಕ ಅನ್ನುವ ವಾಕ್ಯ ಇದೆಯಲ್ಲ, ಅದರಲ್ಲಿ 'ಕೋಟೆ' ಅನ್ನುವಲ್ಲಿಗೆ ಯಾವುದೋ ಆನ್‌ಲೈನ್ ಜೂಜಿನ ಸೈಟಿನ ಲಿಂಕ್ ಅಂಟಿಸಿದ್ದರು. ವಾಕ್ಯದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಓದುವವರಿಗೆ ಏನೂ ಕಾಣುವುದಿಲ್ಲ, ಒತ್ತಿದರೆ ಮಾತ್ರ ಗೊತ್ತಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಕಸ್ಟಮರ್ ಕೇರ್ ಪುಟಗಳು. ಮೇಲೆ ಒಂದು ಬ್ಯಾಂಕಿನ ಹೆಸರೋ ಸಾಲದ ಆ್ಯಪಿನ ಹೆಸರೋ, ಕೆಳಗೆ ಒಂದು ಮೊಬೈಲ್ ನಂಬರ್. ಅಂಕಿಗಳ ನಡುವೆ ಚುಕ್ಕಿ, ನಕ್ಷತ್ರ, ಗೀಟು ತುರುಕಿರುತ್ತಾರೆ, ಸ್ಪ್ಯಾಮ್ ಹಿಡಿಯುವ ಫಿಲ್ಟರಿಗೆ ಸಿಗಬಾರದು ಅಂತ. ಯಾರೋ ಪಾಪದವರು ಗೂಗಲ್‌ನಲ್ಲಿ ಹುಡುಕಿ ಆ ನಂಬರಿಗೆ ಫೋನ್ ಮಾಡಿದರೆ ಒಟಿಪಿ ಕೇಳುತ್ತಾರೆ, ಖಾತೆಯಲ್ಲಿದ್ದ ಹಣ ಹೋಗುತ್ತದೆ. ನಮ್ಮ ವಿಕಿಯ ಹೆಸರಿನಲ್ಲಿ ಇಂಥದ್ದು ಆಗಲೇಬಾರದು. ಅದರಲ್ಲಿ ನಮ್ಮೊಳಗೆ ಎರಡು ಮಾತಿಲ್ಲ.

ಆಗ ಹಾಕಿದ್ದು ಒಂದು ಮೊಬೈಲ್ ಕಂಪನಿಯ /16 ರೇಂಜಿಗೆ, ಅಂದರೆ ಸಾಲಾಗಿ ಬರುವ ಐಪಿ ವಿಳಾಸಗಳ ಗುಂಪಿಗೆ, ಆರು ತಿಂಗಳ ಬ್ಲಾಕ್. ಲಾಗಿನ್ ಆದವರಿಗೂ ಅನ್ವಯ. ಹೊಸ ಖಾತೆ ತೆರೆಯುವುದೂ ಬಂದ್, ತಮ್ಮದೇ ಚರ್ಚೆ ಪುಟದಲ್ಲಿ ಬರೆಯುವುದೂ ಬಂದ್.

/16 ಅಂದರೆ 65,536 ವಿಳಾಸ. ನಮ್ಮ ವಿಕಿ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೂಲ ಸೆಟ್ಟಿಂಗ್ ಪ್ರಕಾರ ಐಪಿವಿ4ಕ್ಕೆ (ಹಳೆಯ ಬಗೆಯ ಐಪಿ ವಿಳಾಸಕ್ಕೆ) ಹಾಕಬಹುದಾದ ಅತಿ ದೊಡ್ಡ ಬ್ಲಾಕ್ ಅದು. ಹಾಗಂತ ಒಂದು ವಿಳಾಸಕ್ಕೆ ಒಬ್ಬನೇ ಮನುಷ್ಯ ಅಂತಲೂ ಅಲ್ಲ. ಐಪಿವಿ4 ವಿಳಾಸಗಳು ಇಡೀ ಲೋಕಕ್ಕೆ ಸುಮಾರು 430 ಕೋಟಿ ಮಾತ್ರ. ಮೊಬೈಲ್ ಕಂಪನಿಗಳಿಗೆ ಗಿರಾಕಿಗಳಷ್ಟು ವಿಳಾಸ ಸಿಗುವುದಿಲ್ಲ. ಅದಕ್ಕೆ ಒಂದೇ ವಿಳಾಸವನ್ನು ತುಂಬಾ ಫೋನ್‌ಗಳಿಗೆ ಹಂಚುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅದೇ ಫೋನಿಗೆ ಬೇರೆ ವಿಳಾಸ. ಅಂದ ಮೇಲೆ ಈ ಬ್ಲಾಕಿನೊಳಗೆ ಸ್ಪ್ಯಾಮರ್ ಇರುವುದು ಎಷ್ಟು ನಿಜವೋ ಪೆರ್ಲ, ಬದಿಯಡ್ಕ, ಮುಳ್ಳೇರಿಯದ ನಮ್ಮ ಓದುಗರು ಇರುವುದೂ ಅಷ್ಟೇ ನಿಜ. ನಮ್ಮಲ್ಲಿ ಬರೆಯುವವರಲ್ಲಿ ಜಾಸ್ತಿ ಜನ ಫೋನಿನಲ್ಲೇ ಬರೆಯುವವರು. ಮನೆಗೆ ಕೇಬಲ್ ನೆಟ್ ಹಾಕಿಸಿಕೊಂಡವರು ಕಡಿಮೆ.

ನನ್ನ ಮಾತು ಇಷ್ಟೇ. ತಡೆಯಬೇಕಾದದ್ದು ಮಾಡುವ ಕೆಲಸವನ್ನು: ಹೊಸಬರು ತಂದು ಸುರಿಯುವ ಲಿಂಕ್, ನಂಬರು, ಪುಟ. ವಿಳಾಸವನ್ನೇ ತಡೆಯಲೇಬೇಕಾಗಿ ಬಂದರೆ ಆದಷ್ಟು ಚಿಕ್ಕದಾಗಿ, ಆದಷ್ಟು ಕಡಿಮೆ ಹೊತ್ತಿಗೆ ತಡೆಯೋಣ. ಲಾಗಿನ್ ಆಗಿ ಬರುವವರಿಗೆ ಬಾಗಿಲು ತೆರೆದೇ ಇರಲಿ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಕುಂಬಳೆ ಕಡೆಯವ (ನಿರ್ವಾಹಕ)

ಆ ಬ್ಲಾಕ್ ಹಾಕಿದ್ದು ನಾನು. ಯಾಕೆ ಹಾಕಿದೆ ಅಂತ ಹೇಳುತ್ತೇನೆ.

ಆ ರಾತ್ರಿ 'ಇತ್ತೀಚಿನ ಬದಲಾವಣೆಗಳು' ಪುಟ ತೆರೆದರೆ ಮೇಲಿಂದ ಕೆಳಗಿನವರೆಗೆ ಬರೀ ಕಸ್ಟಮರ್ ಕೇರ್. ನಾನು ಒಂದು ಅಳಿಸುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಒಂದು ಐಪಿ ಬ್ಲಾಕ್ ಮಾಡಿದರೆ ಅವರು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ತೆಗೆಯುತ್ತಾರೆ, ಬೇರೆ ಐಪಿ ಸಿಗುತ್ತದೆ, ಮತ್ತೆ ಶುರು. /24 ಹಾಕಿ ನೋಡಿದೆ, 256 ವಿಳಾಸ. ಪಕ್ಕದ /24ರಿಂದ ಬಂದರು. ಅದೂ ಹಾಕಿದೆ. ಆಮೇಲೆ ಎಲ್ಲಿಂದೆಲ್ಲಿಂದಲೋ ಬಂದರು. ಇರುವ ನಿರ್ವಾಹಕರು ಇಬ್ಬರು. ಇನ್ನೊಬ್ಬರಿಗೆ ಬೆಳಿಗ್ಗೆ ಶಾಲೆ. /16 ಹಾಕಿದ ಮೇಲೆ ನಿಂತಿತು.

ಚಿಕ್ಕ ಬ್ಲಾಕ್ ಹಾಕೋಣ ಅನ್ನುವುದು ಕೇಳಲು ಚೆನ್ನಾಗಿದೆ. ಇದನ್ನು ತೆಗೆದರೆ ಅವರು ವಾಪಸ್ ಬರುತ್ತಾರೆ. ಆಗ ರಾತ್ರಿ ಎರಡು ಗಂಟೆಗೆ ಎದ್ದು ಅಳಿಸುವವರು ಯಾರು? ಅದನ್ನು ಮೊದಲು ಹೇಳಿ.

ಇನ್ನೊಂದು ದಾರಿ ಇದೆ. ಕೇರಳ, ಕರ್ನಾಟಕದ ಐಪಿಗಳಿಗೆ ಮಾತ್ರ ಬರೆಯಲು ಬಿಟ್ಟು ಉಳಿದ ಎಲ್ಲವನ್ನೂ ಮುಚ್ಚಿದರೆ ಹೇಗೆ?

ನಿವೃತ್ತ ಮಾಷ್ಟ್ರು

ನನಗೆ ಈ ರೇಂಜು, ಗೀಂಜು ತಿಳಿಯುವುದಿಲ್ಲ. ನನಗೆ ಆದದ್ದನ್ನು ಹೇಳುತ್ತೇನೆ.

ನಮ್ಮ ಕಡೆಯ ಹಳೆಯ ತಾಳಮದ್ದಳೆ ಅರ್ಥಧಾರಿಗಳ ಬಗ್ಗೆ ಬರೆಯುತ್ತಾ ಇದ್ದೇನೆ. ಅವರನ್ನು ಕೇಳಿದವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ, ಈಗ ಬರೆಯದಿದ್ದರೆ ಆಮೇಲೆ ಬರೆಯುವವರಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಫೋನಿನಲ್ಲಿ ಒಂದು ಬೆರಳಿನಿಂದ ಕುಟ್ಟುವುದು. ಮೊನ್ನೆ ಪುಟ ತೆರೆದು ಪೆನ್ಸಿಲ್ ಚಿತ್ರ ಒತ್ತಿದರೆ ಕೆಂಪು ಚೌಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬಂತು. ಮೊಮ್ಮಗಳ ಹತ್ತಿರ ಓದಿಸಿದೆ. ಸ್ಪ್ಯಾಮ್ ಹಾಕಿದ ಕಾರಣಕ್ಕೆ ನಿಮ್ಮನ್ನು ತಡೆಹಿಡಿದಿದ್ದೇವೆ, ಆರು ತಿಂಗಳು ಬರೆಯುವಂತಿಲ್ಲ ಅಂತ ಇದೆ ಅಂದಳು. ನನಗೆ ತುಂಬಾ ಬೇಜಾರಾಯಿತು. ನಾನು ಹಾಕಿದ್ದು ಏನು? ಯಾರನ್ನು ಕೇಳುವುದು ಅಂತಲೂ ಅದರಲ್ಲಿ ಇರಲಿಲ್ಲ. ಚರ್ಚೆ ಪುಟದಲ್ಲಿ ಬರೆಯೋಣ ಅಂದರೆ ಅಲ್ಲೂ ಅದೇ ಚೌಕ.

ಕಾಸರಗೋಡಿನಲ್ಲಿ ಕನ್ನಡದಲ್ಲಿ ಬರೆದು ಕೊಟ್ಟರೆ ತೆಗೆದುಕೊಳ್ಳುವ ಜಾಗ ಎಷ್ಟಿದೆ ಅಂತ ನಿಮಗೇ ಗೊತ್ತು. ಕಚೇರಿಗೆ ಹೋದರೆ ಕನ್ನಡದ ಫಾರಂ ಮುಗಿದಿದೆ ಅನ್ನುತ್ತಾರೆ. ಇದು ನಮ್ಮದೇ ಜಾಗ ಅಂತ ಬಂದವನಿಗೆ ಇಲ್ಲೂ ಹೀಗಾದರೆ ಹೇಗೆ?

ಪಯಸ್ವಿನಿ

ಮಾಷ್ಟ್ರೇ, ನಿಮ್ಮ ಖಾತೆಗೆ ಐಪಿ ಬ್ಲಾಕಿನಿಂದ ವಿನಾಯಿತಿ ಕೊಡುವ ಹಕ್ಕು ಅಂತ ಒಂದಿದೆ. ಅದನ್ನು ಇವತ್ತೇ ಕೊಡಿಸುತ್ತೇನೆ. ವಿಳಾಸ ಯಾವುದೇ ಬ್ಲಾಕಿನಲ್ಲಿದ್ದರೂ ನೀವು ಲಾಗಿನ್ ಆಗಿದ್ದರೆ ಬರೆಯಬಹುದು. ದಯವಿಟ್ಟು ನಿಲ್ಲಿಸಬೇಡಿ.

ಕುಂಬಳೆ ಅಣ್ಣ, ನೀವು ಆ ರಾತ್ರಿ ಒಬ್ಬರೇ ಕೂತದ್ದು ನಿಜ. ಅದಕ್ಕೆ ಯಾರೂ ನಿಮ್ಮನ್ನು ದೂರುತ್ತಿಲ್ಲ. ಸುರಿಮಳೆ ಬರುವಾಗ ಒಂದೆರಡು ಗಂಟೆ ದೊಡ್ಡ ಬ್ಲಾಕ್ ಹಾಕುವುದನ್ನು ನಾನೂ ಒಪ್ಪುತ್ತೇನೆ. ಆರು ತಿಂಗಳಿಗೆ ಹಾಕಿದ್ದು ಮತ್ತು ಲಾಗಿನ್ ಆದವರನ್ನೂ ಸೇರಿಸಿದ್ದು, ಈ ಎರಡರ ಬಗ್ಗೆ ಮಾತ್ರ ನನ್ನ ತಕರಾರು. ಸ್ಪ್ಯಾಮ್ ಬಂದದ್ದೆಲ್ಲ ಲಾಗಿನ್ ಇಲ್ಲದೆ, ಇಲ್ಲವೇ ಆಗಷ್ಟೇ ತೆರೆದ ಖಾತೆಗಳಿಂದ. ಹಳೆಯ ಖಾತೆ ಒಂದೂ ಇಲ್ಲ. ಅಂದ ಮೇಲೆ ಮಾಷ್ಟ್ರನ್ನು ತಡೆದು ಸಿಕ್ಕಿದ್ದೇನು?

ಊರಿನ ಲೆಕ್ಕದಲ್ಲಿ ತೆರೆಯುವುದು ಮುಚ್ಚುವುದು ನಮಗೆ ಆಗಿಬರುವುದಿಲ್ಲ. ಮೊಬೈಲ್ ಐಪಿ ಯಾವ ಊರಿನದು ಅಂತ ತೋರಿಸುವ ಪಟ್ಟಿಗಳನ್ನು ನಂಬುವ ಹಾಗಿಲ್ಲ. ನನ್ನ ಫೋನು ಒಮ್ಮೆ ಕೊಚ್ಚಿ ತೋರಿಸುತ್ತದೆ, ಒಮ್ಮೆ ಬೆಂಗಳೂರು, ಒಮ್ಮೆ ಚೆನ್ನೈ. ಮುಂಬೈಯಲ್ಲಿ, ಗಲ್ಫಿನಲ್ಲಿ ಇರುವ ನಮ್ಮವರನ್ನು ಏನು ಮಾಡುವುದು?

ಉಪ್ಪಳ ಲಿನಕ್ಸ್

ಸರ್ವರ್ ನೋಡಿಕೊಳ್ಳುವವನಾಗಿ ಸ್ವಲ್ಪ ವಿವರ ಹೇಳುತ್ತೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ರೇಂಜ್ ಬ್ಲಾಕ್ ಹಾಕುವ ಮೊದಲು ಒಂದು ಕೆಲಸ ಮಾಡಬೇಕು. ಯಾರು ಏನು ತಿದ್ದಿದರು ಅಂತ ತೋರಿಸುವ 'ಕಾಣಿಕೆಗಳು' ಪುಟದಲ್ಲಿ ಒಂದು ಐಪಿಯ ಬದಲು ಇಡೀ ರೇಂಜನ್ನೇ /16 ಸಮೇತ ಹಾಕಿ ನೋಡಬಹುದು. ಲಾಗಿನ್ ಆಗದೆ ಆ ರೇಂಜಿನಿಂದ ಬಂದ ಎಲ್ಲ ಸಂಪಾದನೆಗಳೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ನಾನು ಈಗ ನೋಡಿದೆ. ಸ್ಪ್ಯಾಮ್ ಇದೆ, ಆದರೆ ಅದರ ನಡುವೆ ಒಳ್ಳೆಯ ತಿದ್ದುಪಡಿಗಳೂ ಇವೆ. ಅನಂತಪುರ ದೇವಸ್ಥಾನದ ಪುಟದಲ್ಲಿ ಮೊಸಳೆ ಬಬಿಯಾ ತೀರಿಕೊಂಡ ವರ್ಷ ತಪ್ಪಾಗಿತ್ತು, ಯಾರೋ 2022 ಅಂತ ಸರಿ ಮಾಡಿದ್ದಾರೆ. ಗೋವಿಂದ ಪೈಗಳ ಪುಟದಲ್ಲಿ ಒಂದು ಕಾಗುಣಿತ ತಿದ್ದಿದ್ದಾರೆ. ಪುತ್ತಿಗೆ ಪಂಚಾಯಿತಿಯ ಒಂದು ಬೈಲಿನ ಹೆಸರು ಸೇರಿಸಿದ್ದಾರೆ. ಇವರೆಲ್ಲ ಈಗ ಹೊರಗೆ.

ಎರಡನೆಯದು ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸ. ಇಲ್ಲಿ ನಾವು ಉಲ್ಟಾ ಮಾಡುತ್ತಿದ್ದೇವೆ. ಐಪಿವಿ4ರಲ್ಲಿ ಒಂದು ವಿಳಾಸಕ್ಕೆ ಹಲವು ಜನ. ಐಪಿವಿ6ರಲ್ಲಿ ಒಬ್ಬನಿಗೇ ಲೆಕ್ಕವಿಲ್ಲದಷ್ಟು ವಿಳಾಸ. ಸಾಮಾನ್ಯವಾಗಿ ಒಂದು ಫೋನಿಗೆ ಒಂದು ಇಡೀ /64, ಅಂದರೆ ವಿಳಾಸಗಳ ಒಂದು ದೊಡ್ಡ ಗುಂಪೇ, ಸಿಗುತ್ತದೆ. ಆ ಫೋನು ಅದರೊಳಗೆ ತನ್ನ ವಿಳಾಸವನ್ನು ಬೇಕಾದ ಹಾಗೆ ಬದಲಾಯಿಸಬಹುದು. ನಮ್ಮ ಬ್ಲಾಕ್ ಪಟ್ಟಿಯಲ್ಲಿ ಒಂದೊಂದೇ ಐಪಿವಿ6 ವಿಳಾಸ ಹಾಕಿದ್ದು ರಾಶಿ ಇದೆ. ಅವುಗಳಿಂದ ಏನೂ ಪ್ರಯೋಜನ ಇಲ್ಲ. ಐಪಿವಿ6 ಆದರೆ ನೇರ /64 ಹಾಕಿ. ಅಕ್ಕಪಕ್ಕದವರಿಗೆ ತೊಂದರೆ ಆಗುವುದು ಅಪರೂಪ. ನೆಟ್ ಬಿಟ್ಟು ಹಾಕಿದರೆ ಫೋನಿಗೆ ಬೇರೆ /64 ಸಿಗಬಹುದು, ಅದಕ್ಕೇ ಒಂದೆರಡು ದಿನ ಸಾಕು. ಆರು ತಿಂಗಳು ಬಿಟ್ಟರೆ ಆಗ ಅದು ಇನ್ಯಾರದೋ ಕೈಯಲ್ಲಿ ಇರುತ್ತದೆ.

ಮೂರನೆಯದು ನನಗೆ ಮುಖ್ಯ ಅನಿಸುವುದು. ಕಸ್ಟಮರ್ ಕೇರ್ ಸ್ಪ್ಯಾಮ್ ಅಷ್ಟೂ ಹೊಸ ಪುಟಗಳು. ಲಾಗಿನ್ ಇಲ್ಲದವರು ಹೊಸ ಪುಟ ಮಾಡದಂತೆ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬರೆದರೆ ಸಾಕು. ಇರುವ ಪುಟಗಳನ್ನು ತಿದ್ದುವುದು ಎಂದಿನಂತೆ ನಡೆಯುತ್ತದೆ. ಇಂಗ್ಲಿಷ್ ವಿಕಿಪೀಡಿಯ 2005ರ ಡಿಸೆಂಬರಿನಲ್ಲೇ ಇದನ್ನು ಮಾಡಿತು. ಕಾಗುಣಿತ ತಿದ್ದುವ ದಾರಿಹೋಕರಿಗೆ ಹೊಸ ಪುಟದ ಅಗತ್ಯ ಇಲ್ಲ, ಸ್ಪ್ಯಾಮರಿಗೆ ಅದೇ ಬೇಕು.

ಯಕ್ಷಪ್ರಿಯ

ಇಷ್ಟೆಲ್ಲ ಯಾಕೆ? ಲಾಗಿನ್ ಇಲ್ಲದೆ ಬರೆಯುವುದನ್ನೇ ಪೂರ್ತಿ ನಿಲ್ಲಿಸಿ. ಪೋರ್ಚುಗೀಸ್ ವಿಕಿಪೀಡಿಯ 2020ರಲ್ಲಿ ಹಾಗೇ ಮಾಡಿತಲ್ಲ. ಪಾರ್ತಿಸುಬ್ಬನ ಪುಟಕ್ಕೆ ನಾವು ಕೆಲವರು ಸೇರಿ ಎಷ್ಟು ದುಡಿದಿದ್ದೇವೆ ಅಂತ ನಮಗೆ ಗೊತ್ತು. ಅದರ ನಡುವೆ ಯಾವುದೋ ಔಷಧಿಯ ಲಿಂಕ್ ನೋಡಿದಾಗ ಹೊಟ್ಟೆ ಉರಿಯುತ್ತದೆ. ನಿಜವಾಗಿ ಆಸಕ್ತಿ ಇದ್ದವರು ಖಾತೆ ತೆರೆಯುತ್ತಾರೆ. ಅದಕ್ಕೆ ದುಡ್ಡೇನೂ ಕೊಡಬೇಕಿಲ್ಲವಲ್ಲ.

ಪಯಸ್ವಿನಿ

ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೂ ನಾನು ಒಪ್ಪುವುದಿಲ್ಲ. ಪೋರ್ಚುಗೀಸ್ ಮಾತಾಡುವವರು ಬ್ರೆಜಿಲ್ ಒಂದರಲ್ಲೇ 20 ಕೋಟಿ ದಾಟುತ್ತಾರೆ. ಅವರಿಗೆ ಕೆಲವರು ಹೋದರೂ ನಡೆಯುತ್ತದೆ. ನಮ್ಮಲ್ಲಿ ದಿನವೂ ಬರೆಯುವವರು ಬೆರಳೆಣಿಕೆಯಷ್ಟು. ಈಗ ಖಾತೆ ಇರುವವರನ್ನೇ ಕೇಳಿ ನೋಡಿ, ಮೊದಲು ತಿದ್ದಿದ್ದು ಲಾಗಿನ್ ಇಲ್ಲದೆಯೇ ಅಂತ ಹೆಚ್ಚಿನವರು ಹೇಳುತ್ತಾರೆ. ತಮ್ಮ ಮನೆತನದ ಹೆಸರು ತಪ್ಪಾಗಿದೆ, ತಮ್ಮ ಊರಿನ ಭೂತಸ್ಥಾನದ ನೇಮದ ದಿನ ತಪ್ಪಾಗಿದೆ ಅಂತ ಸರಿ ಮಾಡಲು ಬಂದವರು. ಸರಿ ಮಾಡಿದ್ದು ಉಳಿಯಿತು ಅಂತ ಕಂಡ ಮೇಲೆ ಖಾತೆ ತೆರೆದವರು. ಮೊದಲ ಹೆಜ್ಜೆಯಲ್ಲೇ ಪಾಸ್‌ವರ್ಡ್ ಕೇಳಿದರೆ ಅವರು ಸುಮ್ನೆ ಹೋಗಿಬಿಡುತ್ತಾರೆ.

ಸ್ಪ್ಯಾಮರಿಗೆ ಖಾತೆ ತೆರೆಯುವುದು ದೊಡ್ಡ ಕೆಲಸವೇ ಅಲ್ಲ ಅನ್ನುವುದೂ ಇದೆ. ಆ ರಾತ್ರಿ ಅರ್ಧ ಪುಟಗಳು ಬಂದದ್ದು ಖಾತೆಗಳಿಂದಲೇ ಅಲ್ವಾ?

ದೋಹಾದಿಂದ

ಗಲ್ಫಿನ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನನ್ನ ಊರು ಮೊಗ್ರಾಲ್ ಹತ್ತಿರ. ಕೆಲಸ ಕತಾರಿನಲ್ಲಿ.

ಒಂದು ವಿಳಾಸ ಬ್ಲಾಕ್ ಮಾಡಿದರೆ ಏನಾಗಬಹುದು ಅನ್ನುವುದಕ್ಕೆ ಈ ದೇಶವೇ ಸಾಕ್ಷಿ. 2007ರ ಹೊಸ ವರ್ಷದ ಹೊತ್ತಿಗೆ ಇಂಗ್ಲಿಷ್ ವಿಕಿಪೀಡಿಯದ ಒಬ್ಬ ನಿರ್ವಾಹಕರು ಕಿಡಿಗೇಡಿತನ ಮಾಡುತ್ತಿದ್ದ ಒಂದು ಐಪಿಯನ್ನು ಬ್ಲಾಕ್ ಮಾಡಿದರು. ರೇಂಜ್ ಅಲ್ಲ, ಒಂದೇ ಒಂದು ವಿಳಾಸ. ಆಗ ಕತಾರಿನ ಇಂಟರ್ನೆಟ್ ಎಲ್ಲ ಒಂದೇ ಕಂಪನಿಯ ಪ್ರಾಕ್ಸಿ (ನಡುವಿನ ಸರ್ವರ್) ಮೂಲಕ ಹೊರಗೆ ಹೋಗುತ್ತಿತ್ತು. ಹೊರಗಿನವರಿಗೆ ಇಡೀ ದೇಶ ಆ ಒಂದು ವಿಳಾಸವಾಗಿ ಕಾಣುತ್ತಿತ್ತು. ದೇಶಕ್ಕೆ ದೇಶವೇ ಲಾಗಿನ್ ಇಲ್ಲದೆ ತಿದ್ದಲಾಗದ ಹಾಗಾಯಿತು. ಸುದ್ದಿಯಾಗಿ ಬ್ಲಾಕ್ ಬೇಗನೆ ತೆಗೆದರು.

ಈಗ ಕಾಲ ಬದಲಾಗಿದೆ. ಆದರೂ ನಮ್ಮಂಥವರ ತೊಂದರೆ ತಪ್ಪಿಲ್ಲ. ನನ್ನ ಫೋನಿನಲ್ಲಿ ಆಫೀಸಿನ ವಿಪಿಎನ್ (ನೆಟ್ ಅನ್ನು ಬೇರೆ ಸರ್ವರ್ ಮೂಲಕ ಕಳಿಸುವ ಏರ್ಪಾಡು) ಯಾವಾಗಲೂ ಆನ್ ಇರುತ್ತದೆ, ನಾನು ಆಫ್ ಮಾಡುವ ಹಾಗಿಲ್ಲ. ವಿಪಿಎನ್ ಎಲ್ಲ ಕಳ್ಳರದ್ದು ಅಂತ ಮುಚ್ಚಿದರೆ ನಾನೂ ಅದರಲ್ಲಿ ಸಿಕ್ಕಿಕೊಳ್ಳುತ್ತೇನೆ. ಆಫ್ರಿಕಾದ ಘಾನಾ, ನೈಜೀರಿಯದ ವಿಕಿಪೀಡಿಯ ಬರಹಗಾರರು ಇದೇ ವಿಷಯಕ್ಕೆ 2022ರ ಸುಮಾರಿಗೆ ತುಂಬಾ ದೂರು ಕೊಟ್ಟಿದ್ದರು. ಯಾರು ಬೇಕಾದರೂ ಬಳಸಬಹುದಾದ ತೆರೆದ ಪ್ರಾಕ್ಸಿ ಅಂತ ಹಾಕಿದ ಜಾಗತಿಕ ಬ್ಲಾಕುಗಳಲ್ಲಿ ಅವರ ಮೊಬೈಲ್ ಜಾಲಗಳೇ ಸಿಕ್ಕಿಬಿದ್ದಿದ್ದವು. ಕಾರ್ಯಾಗಾರಕ್ಕೆ ಅಂತ ಜನ ಸೇರಿಸಿದರೆ ಬಂದವರಿಗೆ ಬರೆಯಲೇ ಆಗುತ್ತಿರಲಿಲ್ಲ. ಮಾಷ್ಟ್ರಿಗೆ ಕೊಟ್ಟ ವಿನಾಯಿತಿ ನನಗೂ ಸಿಗುತ್ತದೆಯಾ?

ಕುಂಬಳೆ ಕಡೆಯವ (ನಿರ್ವಾಹಕ)

ದೋಹಾದವರೇ, ನಿಮ್ಮ ಖಾತೆಗೆ ಕೊಟ್ಟಿದ್ದೇನೆ. ಮಾಷ್ಟ್ರಿಗೂ ಆಗಿದೆ. ಹಳೆಯ ಖಾತೆ ಇರುವವರು ಯಾರು ಕೇಳಿದರೂ ಕೊಡುತ್ತೇನೆ.

ಬಾಡಿಗೆ ಸರ್ವರ್ ಕಂಪನಿಗಳ ರೇಂಜ್ ಮಾತ್ರ ನಾನು ಬಿಡುವುದಿಲ್ಲ. ಅಲ್ಲಿಂದ ಮನುಷ್ಯರು ಕೂತು ಬರೆಯುವುದು ಕಡಿಮೆ, ತಾನಾಗಿ ಓಡುವ ಪ್ರೋಗ್ರಾಂಗಳು, ಅಂದರೆ ಬಾಟ್‌ಗಳೇ ಜಾಸ್ತಿ. ಅದು ವರ್ಷಗಟ್ಟಲೆ ಮುಚ್ಚಿದ್ದರೂ ಮೊಬೈಲ್‌ನವರಿಗೆ ಏನೂ ಆಗುವುದಿಲ್ಲ. ಮೊಬೈಲ್ ರೇಂಜಿನ ವಿಷಯದಲ್ಲಿ ನೀವು ಹೇಳುವುದನ್ನು ಕೇಳಲು ತಯಾರಿದ್ದೇನೆ. ರಾತ್ರಿ ಕಾಯುವವರು ಯಾರು ಅನ್ನುವುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಗ್ರಂಥಾಲಯದ ಕಡೆಯಿಂದ

ನಾವು ಎಣ್ಮಕಜೆ ಕಡೆ ಒಂದು ಚಿಕ್ಕ ಗ್ರಂಥಾಲಯ ನಡೆಸುತ್ತೇವೆ. ಒಂದು ವೈಫೈ, ಒಂದೇ ಐಪಿ. ರಜೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ತಮ್ಮ ಊರಿನ ಸ್ಥಳನಾಮಗಳನ್ನು ವಿಕಿಗೆ ಹಾಕುವ ಶಿಬಿರ ಮಾಡಿದೆವು. ಅಜ್ಜ ಅಜ್ಜಿಯರನ್ನು ಕೇಳಿ ಗದ್ದೆ, ಗುಡ್ಡ, ಕಟ್ಟಗಳ ಹೆಸರು ಬರೆದುಕೊಂಡು ಬಂದಿದ್ದರು. ಕೆಲವು ಹೆಸರುಗಳನ್ನು ನಾನೇ ಮೊದಲ ಸಲ ಕೇಳಿದ್ದು.

ಮೊದಲ ಕೆಲವು ಮಕ್ಕಳಿಗೆ ಖಾತೆ ಆಯಿತು, ಆಮೇಲೆ ಆಗಲೇ ಇಲ್ಲ. ಒಂದೇ ಐಪಿಯಿಂದ ದಿನಕ್ಕೆ ಇಷ್ಟೇ ಖಾತೆ ಅಂತ ಮಿತಿ ಇದೆಯಂತೆ. ಅಷ್ಟರಲ್ಲಿ ಒಬ್ಬ ಹುಡುಗ ತಮಾಷೆಗೆ ಅಂತ ತನ್ನ ಗೆಳೆಯನ ಬಗ್ಗೆ ಒಂದು ಪುಟ ಮಾಡಿದ. ಅವನ ಖಾತೆ ಬ್ಲಾಕ್ ಆಯಿತು. ಅದು ಸರಿಯೇ. ಮರುಕ್ಷಣ ಉಳಿದ ಮಕ್ಕಳೆಲ್ಲರಿಗೂ ಬರೆಯುವುದು ನಿಂತಿತು! ಯಾಕೆ ಅಂತ ನಮಗೆ ತಿಳಿಯಲಿಲ್ಲ. ಮಕ್ಕಳು ಪುಸ್ತಕದಲ್ಲಿ ಬರೆದದ್ದನ್ನು ಹಾಗೇ ಮಡಚಿಟ್ಟುಕೊಂಡು ಮನೆಗೆ ಹೋದರು. ಆ ಪುಸ್ತಕಗಳನ್ನು ನಾನು ತೆಗೆದಿಟ್ಟಿದ್ದೇನೆ.

ಉಪ್ಪಳ ಲಿನಕ್ಸ್

ಅದು ಆಟೋಬ್ಲಾಕ್. ಒಂದು ಖಾತೆಯನ್ನು ಬ್ಲಾಕ್ ಮಾಡುವಾಗ ಒಂದು ಚೌಕದಲ್ಲಿ ಮೊದಲೇ ಟಿಕ್ ಬಿದ್ದಿರುತ್ತದೆ. ಆ ಖಾತೆ ಕೊನೆಗೆ ಬಳಸಿದ ಐಪಿಯನ್ನೂ ತಾನಾಗಿ ತಡೆ ಅಂತ ಅದರ ಅರ್ಥ. ಸಾಮಾನ್ಯವಾಗಿ 24 ಗಂಟೆ ಇರುತ್ತದೆ. ಸ್ಪ್ಯಾಮರ್ ಇನ್ನೊಂದು ಖಾತೆ ತೆರೆದು ಬರಬಾರದು ಅಂತ ಮಾಡಿದ ಏರ್ಪಾಡು. ಶಾಲೆ, ಗ್ರಂಥಾಲಯ, ಅಕ್ಷಯ ಕೇಂದ್ರದ (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಹಾಗೆ ಎಲ್ಲರಿಗೂ ಒಂದೇ ಸಂಪರ್ಕ ಇರುವ ಕಡೆ ಇದರಿಂದ ಎಲ್ಲರೂ ಸಿಕ್ಕಿಬೀಳುತ್ತಾರೆ. ಮಕ್ಕಳ ತುಂಟತನಕ್ಕೆ ಬ್ಲಾಕ್ ಹಾಕುವಾಗ ಆ ಟಿಕ್ ತೆಗೆಯಿರಿ. ಕಸ್ಟಮರ್ ಕೇರ್ ಖಾತೆಗಳಿಗೆ ಹಾಕುವಾಗ ಇರಲಿ.

ಖಾತೆ ತೆರೆಯುವ ಮಿತಿಯನ್ನು ಒಂದು ಐಪಿಗೆ ಒಂದು ದಿನದ ಮಟ್ಟಿಗೆ ಸಡಿಲಿಸಲು ಬರುತ್ತದೆ. ವಿಕಿಪೀಡಿಯದಲ್ಲೂ ದಿನಕ್ಕೆ 6 ಖಾತೆ ಅಂತ ಮಿತಿ ಇದೆ. ಕಾರ್ಯಾಗಾರ ಮಾಡುವವರು ಮೊದಲೇ ಕೇಳಿ ಸಡಿಲ ಮಾಡಿಸಿಕೊಳ್ಳುತ್ತಾರೆ. ಮುಂದಿನ ಶಿಬಿರದ ದಿನ ಮೊದಲೇ ಹೇಳಿ, ಮಾಡಿ ಕೊಡುತ್ತೇನೆ. ನಿಮ್ಮ ಐಪಿ ಇಲ್ಲಿ ಬಹಿರಂಗವಾಗಿ ಬರೆಯಬೇಡಿ, ನನಗೆ ಬೇರೆಯಾಗಿ ಕಳಿಸಿ.

ಐಪಿ ಬಹಿರಂಗ ಆಗುವ ಮಾತು ಬಂತಲ್ಲ, ಅದಕ್ಕೆ ಒಂದು ಸೇರಿಸುತ್ತೇನೆ. ವಿಕಿಪೀಡಿಯದಲ್ಲಿ ಲಾಗಿನ್ ಇಲ್ಲದೆ ಬರೆಯುವವರಿಗೆ ಈಗ ತಾತ್ಕಾಲಿಕ ಖಾತೆ ಬಂದಿದೆ. ಇತಿಹಾಸದಲ್ಲಿ ಐಪಿಯ ಬದಲು ಒಂದು ಅಂಕಿಗಳ ಹೆಸರು ಕಾಣುತ್ತದೆ, 90 ದಿನ ಇರುತ್ತದೆ. ಐಪಿ ನೋಡುವ ಅವಕಾಶ ಕೆಲವರಿಗೆ ಮಾತ್ರ. ನಾವೂ ಮೀಡಿಯಾವಿಕಿ ಹೊಸ ಆವೃತ್ತಿಗೆ ಹೋದರೆ ಅದನ್ನು ತರಬಹುದು. ಊರಿನ ಜಾಗದ ತಕರಾರು, ದೇವಸ್ಥಾನದ ತಕರಾರು ಇರುವ ಪುಟಗಳಲ್ಲಿ ಬರೆದವರ ಐಪಿ ಎಲ್ಲರಿಗೂ ಕಾಣುವುದು ನನಗೆ ಸರಿ ಅನಿಸುವುದಿಲ್ಲ.

ಯಕ್ಷಪ್ರಿಯ

ಸರಿ, ಲಾಗಿನ್ ಇಲ್ಲದವರನ್ನು ಬಿಡಿ. ಹಾಗಾದರೆ ಕೆಟ್ಟ ಪದಗಳ ಪಟ್ಟಿ ಮಾಡಿ ಫಿಲ್ಟರಿಗೆ ಹಾಕಿ. ಬೆಟ್ಟಿಂಗ್, ಜೂಜು, ಲಾಟರಿ, ಸಾಲ, ಕಸ್ಟಮರ್ ಕೇರ್. ಇವುಗಳಲ್ಲಿ ಯಾವುದು ಇದ್ದರೂ ಉಳಿಸಲು ಬಿಡಬೇಡಿ.

ಪಯಸ್ವಿನಿ

ಪದಗಳನ್ನು ಮಾತ್ರ ನೋಡಿ ತಡೆದರೆ ನಮ್ಮ ಪುಟಗಳೇ ಮೊದಲು ಸಿಕ್ಕಿಬೀಳುತ್ತವೆ. ಕೋಳಿ ಅಂಕದ ಬಗ್ಗೆ ನಮ್ಮಲ್ಲಿ ಒಳ್ಳೆಯ ಪುಟ ಇದೆ. ಅದರಲ್ಲಿ ಜೂಜಿನ ಮಾತು ಬಾರದೆ ಇರುತ್ತದಾ? ಕೇರಳ ಸರ್ಕಾರದ ಲಾಟರಿ 1967ರಲ್ಲಿ ಶುರುವಾದದ್ದು. ಕಾಸರಗೋಡು ಪೇಟೆಯಲ್ಲಿ ಲಾಟರಿ ಮಾರಿ ಬದುಕುವವರ ಬಗ್ಗೆ ಒಬ್ಬರು ಬರೆಯುತ್ತಿದ್ದಾರೆ, ಅದು ನಿಂತುಹೋಗುತ್ತದೆ. ಸಾಲ ಅಂತ ಹಾಕಿದರಂತೂ ಮುಗಿಯಿತು. 'ಮರಗಳ ಸಾಲು' ಬರೆದರೂ ತಡೆಯುತ್ತದೆ, ಯಾಕೆಂದರೆ ಫಿಲ್ಟರ್ ನೋಡುವುದು ಅಕ್ಷರಗಳನ್ನು. ಸಹಕಾರಿ ಸಂಘಗಳ ಪುಟ ಬೇರೆ.

ಅಬ್ಯೂಸ್ ಫಿಲ್ಟರಿನಲ್ಲಿ (ಬರೆದದ್ದು ಉಳಿಯುವ ಮೊದಲೇ ಪರೀಕ್ಷಿಸುವ ಏರ್ಪಾಡು) ಹಲವು ಷರತ್ತುಗಳನ್ನು ಜೋಡಿಸಬಹುದು. ಖಾತೆಯ ವಯಸ್ಸು, ಎಷ್ಟು ಸಂಪಾದನೆ ಮಾಡಿದ್ದಾರೆ, ಈ ಸಲ ಹೊಸದಾಗಿ ಹೊರಗಿನ ಲಿಂಕ್ ಸೇರಿಸಿದ್ದಾರಾ, ಪುಟ ಹೊಸದಾ, ಇವೆಲ್ಲ ಅದಕ್ಕೆ ಗೊತ್ತಾಗುತ್ತದೆ. ನಾನು ಹೇಳುವುದು ಹೀಗೆ: ಖಾತೆ ತೆರೆದು ನಾಲ್ಕು ದಿನ ಆಗಿಲ್ಲ, ಹೊಸ ಪುಟ ಮಾಡುತ್ತಿದ್ದಾರೆ, ಅದರಲ್ಲಿ ಮೊಬೈಲ್ ನಂಬರಿನ ಹಾಗೆ ಹತ್ತು ಅಂಕಿ ಇದೆ, ನಡುವೆ ಚುಕ್ಕಿ ನಕ್ಷತ್ರ ಇದ್ದರೂ ಸರಿ. ಈ ಮೂರೂ ಸೇರಿದರೆ ಮಾತ್ರ ತಡೆ. ಒಂದೊಂದೇ ಇದ್ದರೆ ಬಿಡು.

ಉಪ್ಪಳ ಲಿನಕ್ಸ್

ಒಳ್ಳೆಯದು. ಅದರಲ್ಲೂ ಎರಡು ಜಾಗ್ರತೆ ಬೇಕು. ಪುಸ್ತಕಗಳ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಹಳೆಯದಾದರೆ 10 ಅಂಕಿ, ಈಗಿನದಾದರೆ 978 ಅಂತ ಶುರುವಾಗುವ 13 ಅಂಕಿ, ನಡುವೆ ಗೀಟುಗಳು ಬೇರೆ. ಫಿಲ್ಟರಿಗೆ ಅದು ಫೋನ್ ನಂಬರಿನ ಹಾಗೇ ಕಾಣುತ್ತದೆ. ಅದನ್ನು ಬಿಡಬೇಕು. ಶಾಲೆಗಳ ಪುಟದಲ್ಲಿ 04994 ಅಂತ ಶುರುವಾಗುವ ಲ್ಯಾಂಡ್‌ಲೈನ್ ನಂಬರು ಇರುತ್ತದೆ, ಅದನ್ನೂ ಬಿಡಬೇಕು.

ಫಿಲ್ಟರ್ ಬರೆದ ಕೂಡಲೇ ತಡೆಯಲು ಬಿಡುವುದಿಲ್ಲ. ಮೊದಲು ಬರೀ ದಾಖಲಿಸಲು ಬಿಡುತ್ತೇನೆ. ಯಾರ ಯಾರ ಸಂಪಾದನೆ ಸಿಕ್ಕಿತು ಅಂತ ಪಟ್ಟಿ ಬರುತ್ತದೆ, ಯಾರಿಗೂ ತೊಂದರೆ ಆಗುವುದಿಲ್ಲ. ಒಂದು ವಾರ ನೋಡಿ, ತಪ್ಪಾಗಿ ಸಿಕ್ಕಿದ್ದು ಇಲ್ಲ ಅಂತ ಆದ ಮೇಲೆ ಎಚ್ಚರಿಕೆ ಕೊಡುವ ಹಾಗೆ ಮಾಡುವುದು. ಆಮೇಲೆ ತಡೆ. ಕುಂಬಳೆ ಅಣ್ಣನ ಪ್ರಶ್ನೆಗೆ ನನ್ನ ಉತ್ತರ ಇದೇ: ರಾತ್ರಿ ಎರಡು ಗಂಟೆಗೆ ಕಾಯುವುದು ಫಿಲ್ಟರ್. ಒಂದೇ ಕಡೆಯಿಂದ ಕೆಲವೇ ನಿಮಿಷದಲ್ಲಿ ಹಲವು ಸಲ ಸಿಕ್ಕಿದರೆ ವೇಗಕ್ಕೆ ಕಡಿವಾಣ ಹಾಕುವ ಏರ್ಪಾಡೂ ಅದರಲ್ಲಿದೆ. ಬಂದುಬಿಟ್ಟ ಪುಟಗಳನ್ನು ಒಂದೊಂದೇ ಅಳಿಸಬೇಕಾಗಿಲ್ಲ. ನ್ಯೂಕ್ ಅನ್ನುವ ಎಕ್ಸ್‌ಟೆನ್ಷನ್ ಹಾಕಿದರೆ ಒಬ್ಬರು ಮಾಡಿದ ಹೊಸ ಪುಟಗಳನ್ನೆಲ್ಲ ಒಟ್ಟಿಗೆ ಅಳಿಸಬಹುದು.

ಬೇಕಲ ಕೋಟೆಯ ಲಿಂಕ್ ಥರದ್ದಕ್ಕೆ ಸ್ಪ್ಯಾಮ್ ಬ್ಲ್ಯಾಕ್‌ಲಿಸ್ಟ್ (ತಡೆಯಬೇಕಾದ ಸೈಟುಗಳ ಪಟ್ಟಿ) ಸಾಕು. ವಿಕಿಪೀಡಿಯ ನಡೆಸುವ ವಿಕಿಮೀಡಿಯದವರು ತಮ್ಮ ಮೆಟಾ-ವಿಕಿಯಲ್ಲಿ ಇಟ್ಟಿರುವ ಪಟ್ಟಿಯನ್ನೇ ನಮ್ಮ ವಿಕಿಯೂ ಓದುವ ಹಾಗೆ ಮಾಡಬಹುದು, ಅದನ್ನು ಅವರು ದಿನವೂ ನೋಡಿಕೊಳ್ಳುತ್ತಾರೆ.

ತಾಳವಾಡಿಯವನು

ಈರೋಡ್ ಜಿಲ್ಲೆಯ ತಾಳವಾಡಿಯಿಂದ. ನಿಮ್ಮ ವಿಕಿ ಓದುತ್ತಿರುತ್ತೇನೆ. ಕ್ಯಾಪ್ಚಾ, ಅಂದರೆ ಬಂದದ್ದು ಮನುಷ್ಯನಾ ಬಾಟಾ ಅಂತ ನೋಡುವ ಪರೀಕ್ಷೆ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಖಾತೆ ತೆರೆಯುವಾಗ ಈಗ ಇರುವ ಸೊಟ್ಟಂಬಟ್ಟ ಇಂಗ್ಲಿಷ್ ಅಕ್ಷರಗಳ ಚಿತ್ರ ನನಗೇ ಓದಲಾಗುವುದಿಲ್ಲ. ನಮ್ಮ ಮನೆಯಲ್ಲಿ ಕಣ್ಣು ಕಾಣದ ಚಿಕ್ಕಪ್ಪ ಇದ್ದಾರೆ. ಫೋನ್ ಓದಿ ಹೇಳುವ ಆ್ಯಪ್ ಇಟ್ಟುಕೊಂಡು ಎಲ್ಲ ಮಾಡುತ್ತಾರೆ, ಆ ಚಿತ್ರದ ಹತ್ತಿರ ಬಂದು ನಿಲ್ಲುತ್ತಾರೆ. ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರೆ ಆಗುವುದಿಲ್ಲವಾ?

ಪಯಸ್ವಿನಿ

ಆಗುತ್ತದೆ. ಕ್ವೆಸ್ಟಿ ಕ್ಯಾಪ್ಚಾ ಅಂತ ಇದೆ, ಪ್ರಶ್ನೆ ಉತ್ತರ ನಾವೇ ಬರೆದು ಕೊಡಬಹುದು. ಒಂದು ಪ್ರಶ್ನೆಗೆ ಹಲವು ಉತ್ತರಗಳನ್ನು ಸರಿ ಅಂತ ಇಡಬಹುದು. ಕನ್ನಡಕ್ಕೆ ಅದು ಬೇಕೇ ಬೇಕು. ಅನಂತಪುರದ ಮೊಸಳೆಯ ಹೆಸರು ಕೇಳಿದರೆ ಒಬ್ಬರು ಬಬಿಯಾ, ಒಬ್ಬರು ಬಬಿಯ ಅಂತ ಬರೆಯುತ್ತಾರೆ. ಕಾಸರಗೋಡು ಜಿಲ್ಲೆಯಾದ ವರ್ಷ ಕೇಳಿದರೆ ಕೆಲವರು 1984, ಕೆಲವರು ೧೯೮೪. ಎಲ್ಲವನ್ನೂ ಒಪ್ಪಬೇಕು. ಪ್ರಶ್ನೆ ಸುಲಭ ಇರಲಿ, ಮಕ್ಕಳೂ ಬರೆಯುವವರು. 'ಕೆಂಪು, ಹಸಿರು, ಮಾವು: ಇದರಲ್ಲಿ ಹಣ್ಣು ಯಾವುದು' ಅಂತ ಕೇಳಿದರೂ ಸಾಕು.

ಇದರಿಂದ ಬಾಟ್ ಕೆಲವು ನಿಲ್ಲುತ್ತವೆ, ದುಡ್ಡಿಗೆ ಕೂತು ಸ್ಪ್ಯಾಮ್ ಹಾಕುವ ಮನುಷ್ಯರು ನಿಲ್ಲುವುದಿಲ್ಲ. ಅವರಿಗೆ ಫಿಲ್ಟರೇ ಬೇಕು.

ಈಗ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವ ವಿಷಯ. ಬ್ಲಾಕ್ ಆದಾಗ ಕಾಣುವ ಆ ಕೆಂಪು ಚೌಕ. ಎಷ್ಟೇ ಜಾಗ್ರತೆ ಮಾಡಿದರೂ ಒಬ್ಬಿಬ್ಬರು ನಿರಪರಾಧಿಗಳು ಸಿಕ್ಕಿಯೇ ಸಿಗುತ್ತಾರೆ. ಅವರಿಗೆ ನಾವು ಏನು ಹೇಳುತ್ತೇವೆ ಅನ್ನುವುದರ ಮೇಲೆ ಅವರು ವಾಪಸ್ ಬರುತ್ತಾರಾ ಇಲ್ಲವಾ ಅನ್ನುವುದು ನಿಂತಿದೆ. ಆ ಸಂದೇಶವನ್ನು ನಾವೇ ಬದಲಾಯಿಸಬಹುದು. ನಾನು ಬರೆದದ್ದು ಹೀಗಿದೆ, ತಿದ್ದಿ:

"ನಮಸ್ಕಾರ. ನಿಮ್ಮ ಫೋನ್ ಅಥವಾ ಕಂಪ್ಯೂಟರ್ ಇರುವ ಜಾಲದಿಂದ ಬೇರೆ ಯಾರೋ ಸ್ಪ್ಯಾಮ್ ಹಾಕುತ್ತಿದ್ದಾರೆ. ಅದಕ್ಕಾಗಿ ಈ ಜಾಲದಿಂದ ಲಾಗಿನ್ ಆಗದೆ ಬರೆಯುವುದನ್ನು ಸ್ವಲ್ಪ ಸಮಯ ನಿಲ್ಲಿಸಿದ್ದೇವೆ. ನೀವು ಮಾಡಿದ್ದು ಅಂತ ಇದರ ಅರ್ಥ ಅಲ್ಲ. ಖಾತೆ ಇದ್ದರೆ ಲಾಗಿನ್ ಆಗಿ ಬರೆಯಿರಿ. ಖಾತೆ ಇಲ್ಲದಿದ್ದರೆ ಕೆಳಗಿನ ವಿಳಾಸಕ್ಕೆ ಮೇಲ್ ಕಳಿಸಿ, ನಾವೇ ತೆರೆದು ಕೊಡುತ್ತೇವೆ. ನಿಮ್ಮ ಚರ್ಚೆ ಪುಟದಲ್ಲೂ ಬರೆದು ಕೇಳಬಹುದು. ಬರೆದದ್ದನ್ನು ಕಾಪಿ ಮಾಡಿ ಇಟ್ಟುಕೊಳ್ಳಿ. ಈ ತಡೆ ತೆರವಾಗುವ ದಿನ ಕೆಳಗಿದೆ."

ನಿವೃತ್ತ ಮಾಷ್ಟ್ರು

ಚೆನ್ನಾಗಿದೆ ಮಗಳೇ. ಕಾಪಿ ಮಾಡಿ ಇಟ್ಟುಕೊಳ್ಳಿ ಅನ್ನುವುದನ್ನು ನಮಸ್ಕಾರದ ನಂತರ ಮೊದಲಿಗೇ ಹಾಕು. ನನ್ನಂಥವರು ಗಾಬರಿಯಲ್ಲಿ ಪೂರ್ತಿ ಓದದೆ ಹಿಂದೆ ಹೋಗಿಬಿಡುತ್ತಾರೆ, ಬರೆದದ್ದು ಹೋಗುತ್ತದೆ. 'ಜಾಲ' ಅಂದರೆ ಕೆಲವರಿಗೆ ತಿಳಿಯಲಿಕ್ಕಿಲ್ಲ, ನೆಟ್ ಅಂತಲೇ ಬರೆ. ಕೆಂಪು ಬಣ್ಣ ಬೇಡ.

ಯಕ್ಷಪ್ರಿಯ

'ನೀವು ಮಾಡಿದ್ದು ಅಂತ ಅರ್ಥ ಅಲ್ಲ' ಅನ್ನುವುದನ್ನು ಸ್ಪ್ಯಾಮರೂ ಓದುತ್ತಾನಲ್ಲ?

ಪಯಸ್ವಿನಿ

ಓದಲಿ. ಅವನಿಗೆ ಅದರಿಂದ ಏನೂ ಸಿಗುವುದಿಲ್ಲ. ಸ್ಪ್ಯಾಮ್ ಹಾಕಿದ ಖಾತೆಗೆ ಬೇರೆ ಸಂದೇಶ ಇರುತ್ತದೆ. ಇದು ಐಪಿ ಬ್ಲಾಕಿಗೆ ಮಾತ್ರ. ಮಾಷ್ಟ್ರು ಹೇಳಿದ ಮೂರೂ ತಿದ್ದಿದೆ.

ಕುಂಬಳೆ ಕಡೆಯವ (ನಿರ್ವಾಹಕ)

ಎಲ್ಲ ಓದಿದೆ. ಹೀಗೆ ಮಾಡುತ್ತೇನೆ.

ಲಾಗಿನ್ ಇಲ್ಲದವರು ಹೊಸ ಪುಟ ಮಾಡುವುದನ್ನು ಉಪ್ಪಳದವರು ನಿಲ್ಲಿಸಿದ ಮೇಲೆ /16 ತೆಗೆಯುತ್ತೇನೆ. ಇವತ್ತಿನಿಂದಲೇ ಅದನ್ನು ಲಾಗಿನ್ ಆದವರಿಗೆ ಅನ್ವಯಿಸದ ಹಾಗೆ ಬದಲಾಯಿಸಿದ್ದೇನೆ, ಚರ್ಚೆ ಪುಟವೂ ತೆರೆದಿದೆ. ಮುಂದೆ ಮೊಬೈಲ್ ರೇಂಜಿಗೆ ಬ್ಲಾಕ್ ಬೇಕಾದರೆ ಮೊದಲು ರೇಂಜಿನ ಕಾಣಿಕೆ ನೋಡುವುದು, ಒಂದು ದಿನಕ್ಕಿಂತ ಹೆಚ್ಚು ಹಾಕಬೇಕಾದರೆ ಇಲ್ಲಿ ಬರೆದು ಇನ್ನೊಬ್ಬ ನಿರ್ವಾಹಕರು ಒಪ್ಪಿದ ಮೇಲೆ ಹಾಕುವುದು. ಐಪಿವಿ6 ಬಿಡಿ ವಿಳಾಸಗಳ ಹಳೆಯ ಬ್ಲಾಕುಗಳನ್ನು ತೆಗೆದುಹಾಕುತ್ತೇನೆ.

ಸುರಿಮಳೆಯ ಹೊತ್ತಿಗೆ ಎರಡು ಗಂಟೆಯ ದೊಡ್ಡ ಬ್ಲಾಕ್ ಹಾಕುವ ಅಧಿಕಾರ ನನಗೆ ಬೇಕು. ಅದನ್ನು ಬಿಟ್ಟುಕೊಡುವುದಿಲ್ಲ. ಗಲ್ಫಿನಲ್ಲಿ, ಅಮೆರಿಕದಲ್ಲಿ ಇರುವವರು ಇಬ್ಬರಾದರೂ ನಿರ್ವಾಹಕರಾಗಲು ಮುಂದೆ ಬರಬೇಕು. ನಮ್ಮ ಮಧ್ಯರಾತ್ರಿ ಅಮೆರಿಕದವರಿಗೆ ಹಗಲು.

ದೋಹಾದಿಂದ

ನಾನು ಆಗುತ್ತೇನೆ. ಇಲ್ಲಿ ಊರಿಗಿಂತ ಎರಡೂವರೆ ಗಂಟೆ ಹಿಂದೆ, ನಿಮಗೆ ನಿದ್ದೆ ಬರುವ ಹೊತ್ತಿಗೆ ನಾನು ಎದ್ದಿರುತ್ತೇನೆ. ಅಮೆರಿಕದಲ್ಲಿ ಇರುವ ಪರಿಚಯದವರನ್ನೂ ಕೇಳುತ್ತೇನೆ.

ಗ್ರಂಥಾಲಯದ ಕಡೆಯಿಂದ

ಓಣಂ ರಜೆಯಲ್ಲಿ ಶಿಬಿರ ಮತ್ತೆ ಮಾಡುತ್ತೇವೆ. ದಿನಾಂಕ ಗೊತ್ತಾದ ಕೂಡಲೇ ಉಪ್ಪಳದವರಿಗೆ ತಿಳಿಸುತ್ತೇನೆ.

ಉಪ್ಪಳ ಲಿನಕ್ಸ್

ಹೊಸ ಪುಟದ ಸೆಟ್ಟಿಂಗ್ ಈಗ ಜಾರಿಯಲ್ಲಿದೆ, ಕನ್ನಡ ಪ್ರಶ್ನೆಗಳ ಕ್ಯಾಪ್ಚಾವನ್ನೂ ಹಾಕಿದ್ದೇನೆ. ತಾಳವಾಡಿಯವರೇ, ಚಿಕ್ಕಪ್ಪನವರ ಹತ್ತಿರ ಖಾತೆ ತೆರೆಸಿ ನೋಡಿ ಹೇಳಿ.

ಫಿಲ್ಟರನ್ನು ದಾಖಲಿಸಲು ಮಾತ್ರ ಬಿಟ್ಟಿದ್ದೇನೆ. ಬೆಳಿಗ್ಗೆಯಿಂದ ಕಸ್ಟಮರ್ ಕೇರ್ ಸಿಕ್ಕಿದೆ. ಜೊತೆಗೆ ಹೊಸ ಸದಸ್ಯರೊಬ್ಬರು ಮಾಡಿದ ಒಂದು ಕ್ಷೀರ ಸಹಕಾರಿ ಸಂಘದ ಪುಟವೂ ಸಿಕ್ಕಿದೆ. ಅದರಲ್ಲಿ ಸಂಘದ ಮೊಬೈಲ್ ನಂಬರ್ ಇತ್ತು. ಇಂಥದ್ದಕ್ಕೆ ತಡೆ ಹಾಕದೆ, ನಂಬರ್ ತೆಗೆದು ಉಳಿಸಿ ಅಂತ ಎಚ್ಚರಿಕೆ ಮಾತ್ರ ಕೊಡುವ ಹಾಗೆ ಬದಲಾಯಿಸುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಪುಟ ಉಳಿಸಲು ತೊಂದರೆ ಆದರೆ ಪುಟದ ಹೆಸರು ಮತ್ತು ಸಮಯ ಇಲ್ಲೇ ಬರೆಯಿರಿ, ನೋಡುತ್ತೇನೆ.